ತಂಬಿಗೆಯೊಳಗಿನ ಇನ್ನೊಂದು ತಂಬಿಗೆ



ಏಪ್ರಿಲ್ 14ರ ಗಣೇಶಗುಡಿ ಕಾರ್ಯಕ್ರಮದ ವಿಡಿಯೋ ಹಾಕಿದ ಮೇಲೆ ಇನ್‌ಬಾಕ್ಸ್ ತುಂಬಿ ಹೋಗಿದೆ. ಪ್ರಶ್ನೆಗಳು ಎರಡೇ ಥರ. ಒಂದು, "ತಂಬಿಗಿ ಖಾಲಿ ಮಾಡಿ ಬೋರಲು ಹಾಕಿ ತೋರಿಸಿದ್ರಿ, ಮತ್ತ ನೀರು ಎಲ್ಲಿಂದ ಬಂತ್ರೀ?" ಇನ್ನೊಂದು ನಮ್ಮ ಸಂಗಾತಿಗಳದು: "ಭೂಮಿ ಹೋರಾಟ ಬಾಕಿ ಇದೆ, ದೌರ್ಜನ್ಯದ ಕೇಸುಗಳು ಕೋರ್ಟಿನಲ್ಲಿ ಕೊಳೀತಿವೆ, ಈ ಹೊತ್ತಲ್ಲಿ ಚಳವಳಿಗೆ ಜಾದೂ ಯಾಕೆ ಬೇಕು?" ಎರಡಕ್ಕೂ ಇಲ್ಲೇ ಉತ್ತರ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ಮೊದಲು ತಂಬಿಗೆ. ಅದು ಹೊರಗಿಂದ ನೋಡಿದರೆ ಎಲ್ಲರ ಮನೆಯ ದೇವರ ಮುಂದೆ ಇರೋ ತಾಮ್ರದ ತಂಬಿಗೆ. ಒಳಗೆ ಇನ್ನೊಂದು ಸಣ್ಣ ತಂಬಿಗೆ ಇದೆ. ಎರಡೂ ಬಾಯಿಯ ಅಂಚಿನಲ್ಲಿ ಸೇರಿಕೊಂಡಿವೆ, ನಡುವೆ ಸುತ್ತಲೂ ಜಾಗ. ಆ ಜಾಗಕ್ಕೆ ಎರಡೇ ತೂತು. ಒಂದು ಒಳತಂಬಿಗೆಯ ತಳದಲ್ಲಿ, ನೀರು ಓಡಾಡೋಕೆ. ಇನ್ನೊಂದು ಹೊರಗೆ ಕುತ್ತಿಗೆಯ ಹತ್ತಿರ, ಹೆಬ್ಬೆರಳು ಸಹಜವಾಗಿ ಕೂರೋ ಕಡೆ, ಗಾಳಿ ಆಡೋಕೆ. ತಂಬಿಗೆ ತುಂಬಿಸಿದರೆ ಒಳಗೂ ನೀರು, ಗೋಡೆಗಳ ನಡುವೆಯೂ ನೀರು. ಹೆಬ್ಬೆರಳಿಂದ ಮೇಲಿನ ತೂತು ಮುಚ್ಚಿ ಬಗ್ಗಿಸಿದರೆ ಒಳಗಿನ ನೀರು ಮಾತ್ರ ಸುರಿಯುತ್ತೆ. ನಡುವಿನ ನೀರಿನ ಜಾಗಕ್ಕೆ ಗಾಳಿ ಹೋಗದೆ ಅದು ಅಲ್ಲೇ ನಿಲ್ಲುತ್ತೆ. ತಂಬಿಗೆ ನೆಟ್ಟಗೆ ಇಟ್ಟು ಬೆರಳು ತೆಗೀರಿ, ಗಾಳಿ ಒಳಗೆ ನುಗ್ಗುತ್ತೆ, ನಡುವಿನ ನೀರು ತಳದ ತೂತಿಂದ ಒಳಕ್ಕೆ ಏರುತ್ತೆ. ಇಷ್ಟೇ ಗಂಗೆ.

ನಂಬಿಕೆ ಬರಲಿಲ್ಲ ಅಂದರೆ ಎಳನೀರಿನ ಪ್ಲಾಸ್ಟಿಕ್ ಪೈಪು ತಗೊಳ್ಳಿ. ನೀರಲ್ಲಿ ಅದ್ದಿ ಮೇಲೆ ಬೆರಳು ಒತ್ತಿ ಎತ್ತಿ. ನೀರು ಬೀಳಲ್ಲ. ಬೆರಳು ತೆಗೀರಿ, ಬೀಳುತ್ತೆ. ಆರನೇ ಕ್ಲಾಸಿನ ಮಗು ಮಾಡೋ ಪ್ರಯೋಗ. ದೇಶ ವಿದೇಶದ ಸ್ಟೇಜ್ ಜಾದೂಗಾರರು ಇದೇ ತಂಬಿಗೆಯನ್ನ 'ವಾಟರ್ ಆಫ್ ಇಂಡಿಯಾ' ಅಂತ ಕರೆದು, ಆಟ ಅಂತಲೇ ಹೇಳಿ ಆಡಿಸಿದಾರೆ. ಕಾವಿ ಉಟ್ಟವರ ಕೈಗೆ ಬಂದಾಗ ಮಾತ್ರ ಅದು ಮಹಿಮೆ ಆಗುತ್ತೆ.

ನಮ್ಮ ತಂಬಿಗೆ ಮಾಡಿಕೊಟ್ಟವರು ಹಳಿಯಾಳದ ಕಡೆಯ ಒಬ್ಬ ಕಾಕಾ, ಪಾತ್ರೆ ರಿಪೇರಿ ಮಾಡೋರು. ಚಿತ್ರ ತೋರಿಸಿದಾಗ ಕನ್ನಡಕ ಏರಿಸಿ ನನ್ನ ಮುಖ ನೋಡಿದರು. "ಯಾರಿಗೆ ಟೋಪಿ ಹಾಕಾಕ ಹೊಂಟೀಯೋ ತಮ್ಮಾ?" ಅಂದರು. "ಹಾಕಿಸಿಕೊಂಡವರಿಗೆ ತೋರಸಾಕ ಕಾಕಾ" ಅಂದೆ. ನಕ್ಕು ಕೆಲಸ ಹಿಡಿದರು. ಕುಡಿಯೋ ನೀರಿನ ಪಾತ್ರೆ, ಸೀಸ ಬೇಡ, ಶುದ್ಧ ತವರದ್ದೇ ಬೆಸುಗೆ ಅಂತ ಹಟ ಹಿಡಿದವರು ಅವರೇ. ಬೆಸುಗೆ ಸೋರುತ್ತೋ ಇಲ್ಲವೋ ಅಂತ ರಾತ್ರಿಯಿಡೀ ನೀರು ತುಂಬಿ ಕೆಳಗೆ ಒಣ ಪೇಪರ್ ಇಟ್ಟಿದ್ದರು. ಒಳತಂಬಿಗೆ ಎಷ್ಟು ಸಣ್ಣದೋ ಅಷ್ಟು ಹೆಚ್ಚು ಸಲ ಸುರೀಬಹುದು. ಆದರೆ ತೀರಾ ಸಣ್ಣದಾದರೆ ಬಾಯಿಂದ ಬಗ್ಗಿ ನೋಡಿದವರಿಗೆ ಗೊತ್ತಾಗುತ್ತೆ. ನಮ್ಮದು ಐದು ಸಲ ಸುರಿಯುತ್ತೆ, ಪ್ರತಿ ಸಲ ಹಿಂದಿನದಕ್ಕಿಂತ ಸ್ವಲ್ಪ ಕಮ್ಮಿ. ಆ 'ಕಮ್ಮಿ' ಕಾಣಬಾರದು ಅಂತಲೇ ನಡುವೆ ಮಾತು ಬೇಕು, ಮಂತ್ರ ಬೇಕು.

ಇನ್ನೊಂದು ತೊಂದರೆ ಇತ್ತು. ಗಾಳಿ ಒಳಗೆ ಹೋಗುವಾಗ ತಂಬಿಗೆ ಗುಳುಗುಳು ಅನ್ನುತ್ತೆ. ಮುಂದೆ ಕೂತವರಿಗೆ ಕೇಳಿಸುತ್ತೆ. ಅದಕ್ಕೆ ಪರಿಹಾರ ಕೊಟ್ಟವರು ನಮ್ಮ ಹುಡುಗರು. ತಂಬಿಗೆ ಕೆಳಗಿಟ್ಟ ಕ್ಷಣಕ್ಕೆ ಸರಿಯಾಗಿ ಹಲಗಿ ಬಾರಿಸಿದರು. ಯಾವ ಹಲಗಿಯನ್ನ ಗುಡಿಯಿಂದ ದೂರ ನಿಲ್ಲಿಸಿ ಬಾರಿಸಿ ಅಂದಿದ್ದರೋ ಅದೇ ಹಲಗಿ ಆವತ್ತು 'ಸ್ವಾಮಿ'ಯ ಗುಟ್ಟು ಕಾಪಾಡಿತು.

ಈಗ ಜಾಗದ ಬಗ್ಗೆ ಒಂದು ಮಾತು. ಗಣೇಶಗುಡಿ ಅಂದರೆ ನಿಮಗೆ ಕಾಳಿ ನದಿಯ ರಾಫ್ಟಿಂಗ್, ರೆಸಾರ್ಟು ನೆನಪಾಗಬಹುದು. ನಮಗೆ ಅದು ಸೂಪಾ ಡ್ಯಾಮಿನ ಊರು. 101 ಮೀಟರ್ ಎತ್ತರದ ಗೋಡೆ, ಕೆಳಗೆ ಕರೆಂಟು ತಯಾರಿಸೋ ಪವರ್ ಹೌಸು. ತಾಲೂಕಿನ ಕೇಂದ್ರ ಆಗಿದ್ದ ಸೂಪಾ ಪಟ್ಟಣವೇ ಆ ನೀರಿನ ಕೆಳಗೆ ಹೋಯ್ತು, ಜನ ರಾಮನಗರಕ್ಕೆ ಎದ್ದು ಹೋದರು, ತಾಲೂಕಿಗೆ ಜೋಯಿಡಾ ಅಂತ ಹೆಸರು ಬಂತು. ಊರೇ ಮುಳುಗಿಸುವಷ್ಟು ನೀರಿರೋ ಕಡೆ, ಯಾರು ಯಾವ ನೀರು ಮುಟ್ಟಬೇಕು ಅನ್ನೋ ಲೆಕ್ಕ ಮಾತ್ರ ಮುಳುಗಿಲ್ಲ. ನೀರಿನ ಆಟವನ್ನೇ ಆರಿಸಿಕೊಂಡಿದ್ದು ಅದಕ್ಕೆ.

ಆವತ್ತು ನಾನು ಕಾವಿ ಉಟ್ಟು, ವಿಭೂತಿ ಹಚ್ಚಿ ಸ್ಟೇಜಿಗೆ ಹೋದೆ. ಎದುರಿಗೆ ನಮ್ಮ ಕೇರಿಯವರು, ಕಾಲನಿಯವರು, ಕಾರ್ಯಕ್ರಮ ನೋಡೋಕೆ ಬಂದ ಬೇರೆ ಜಾತಿಯವರೂ ಇದ್ದರು. ಮೂರನೇ ಸಲ ನೀರು ಸುರಿದ ಹೊತ್ತಿಗೆ ಜನ ಮುಂದೆ ಬಂದಿದ್ದರು. ನಾಲ್ಕನೇ ಸಲ "ತೀರ್ಥ ಯಾರಿಗೆ ಬೇಕು?" ಅಂದೆ. ಕೈಗಳು ಚಾಚಿದವು. ವಿಡಿಯೋದಲ್ಲಿ ನೀವೇ ಎಣಿಸಬಹುದು, ಹತ್ತೊಂಬತ್ತು ಕೈ.

ಯಾರಿಗೂ ಕೊಡಲಿಲ್ಲ. ಅಲ್ಲಿಗೇ ನಿಲ್ಲಿಸಿ, ಶಾಲು ತೆಗೆದು, ತಂಬಿಗೆಯ ತೂತು ತೋರಿಸಿದೆ. ಬೆಸುಗೆ ತೋರಿಸಿದೆ. ಒಂದು ಹುಡುಗಿಯನ್ನ ಕರೆದು ಅವಳ ಬೆರಳಿಂದಲೇ ಮುಚ್ಚಿಸಿ ತೆಗೆಸಿದೆ. ಚಪ್ಪಾಳೆ ಬಿತ್ತು. ಆಮೇಲೆ ಹೇಳಿದೆ: "ಈ ನೀರು ನಮ್ಮ ಕೇರಿಯ ನಳದ್ದು. ತುಂಬಿಸಿದ್ದು ನಮ್ಮ ಅವ್ವ. ಈಗ ಯಾರಿಗೆ ಬೇಕು?"

ನೀರು ಅದೇ. ತಂಬಿಗೆ ಅದೇ. ಹತ್ತೊಂಬತ್ತು ಕೈಯಲ್ಲಿ ಉಳಿದದ್ದು ಎಷ್ಟು ಅಂತಲೂ ವಿಡಿಯೋದಲ್ಲಿದೆ. ನಾನು ಅಂಕಿ ಬರೆಯಲ್ಲ, ಯಾರ ಮುಖವನ್ನೂ ಜೂಮ್ ಮಾಡಿ ಹಾಕಬೇಡಿ ಅಂತ ಕೇಳಿಕೊಳ್ತೀನಿ. ಕೈ ಹಿಂದೆ ತಗೊಂಡ ಒಬ್ಬರು ಅರ್ಧ ದಾರಿಯಲ್ಲಿ ನಿಲ್ಲಿಸಿ ತಲೆ ಕೆರೆದುಕೊಂಡರು. ಅವರಿಗೇ ಅದು ಅರ್ಥ ಆಯ್ತು ಅನ್ನಿಸುತ್ತೆ. ಬೇರೆ ಜಾತಿಯ ಒಬ್ಬ ಅಜ್ಜಿ ಮಾತ್ರ ಕೂತಲ್ಲಿಂದ ಎದ್ದು ಬಂದು, "ಭಾಷಣ ಸಾಕ್ ಮಾಡೋ, ಬಿಸಲಾಗ ಬಾಯಿ ಒಣಗೇತಿ, ನೀರ್ ಕೊಡು" ಅಂತ ಬೊಗಸೆ ಒಡ್ಡಿದರು. ಕುಡಿದು ಸೆರಗಿಂದ ಬಾಯಿ ಒರೆಸಿಕೊಂಡು ಹೋದರು.

ಜಾದೂ ಯಾಕೆ ಅಂತ ಕೇಳಿದ ಸಂಗಾತಿಗಳೇ, ಇದಕ್ಕೆ. ಒಂದು ಗಂಟೆ ಭಾಷಣ ಮಾಡಿ "ಅಸ್ಪೃಶ್ಯತೆ ಇನ್ನೂ ಇದೆ" ಅಂದರೆ "ಈಗೆಲ್ಲಾ ಎಲ್ಲೈತಿ ಬಿಡ್ರಿ" ಅಂತಾರೆ. ಐದು ನಿಮಿಷದಲ್ಲಿ ಅವರ ಕೈಯೇ ಸಾಕ್ಷಿ ಹೇಳಿತು.

ನೀರು, ತಂಬಿಗೆ, ಕೊಡ ಇವು ನಮ್ಮ ಚರಿತ್ರೆಯಲ್ಲಿ ಸಣ್ಣ ವಸ್ತುಗಳಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಕುಡಿದರು. ಆಮೇಲೆ ಸವರ್ಣೀಯರು ಏನು ಮಾಡಿದರು? 108 ಕೊಡ ತಗೊಂಡು ಸಗಣಿ, ಗಂಜಲ, ಹಾಲು, ಮೊಸರು ಹಾಕಿ ಕೆರೆ 'ಶುದ್ಧ' ಮಾಡಿದರು. ನನ್ನ ಪ್ರಕಾರ ಅದೂ ಒಂದು ಸ್ಟೇಜ್ ಶೋ. ಪ್ರಾಪರ್ಟಿ ಇತ್ತು, ಮಂತ್ರ ಇತ್ತು, ಪ್ರೇಕ್ಷಕರಿದ್ದರು. ಅಲ್ಲಿನ ಗುಟ್ಟಿನ ತೂತು ಜಾತಿ. ಯಾರೂ ಅದರ ಮೇಲಿನ ಬೆರಳು ತೆಗೆದು ತೋರಿಸಲಿಲ್ಲ, ಅಷ್ಟೇ.

ಬಾಬಾಸಾಹೇಬರು ಆರಿಸಿಕೊಂಡ ಬುದ್ಧನ ಕಥೆಗಳಲ್ಲೂ ಒಂದು ಪಾತ್ರೆ ಬರುತ್ತೆ. ಒಬ್ಬ ಶ್ರೀಮಂತ ಗಂಧದ ಭಿಕ್ಷಾಪಾತ್ರೆಯನ್ನ ಎತ್ತರದ ಕಂಬಕ್ಕೆ ಕಟ್ಟಿ, ಪವಾಡದಿಂದ ಇಳಿಸಿದವರಿಗೆ ಅದು ಅಂತಾನೆ. ಪಿಂಡೋಲ ಭಾರದ್ವಾಜ ಅನ್ನೋ ಭಿಕ್ಷು ಇಳಿಸಿ ತರ್ತಾನೆ. ಬುದ್ಧ ಮೆಚ್ಚಲಿಲ್ಲ. ಜನರ ಮುಂದೆ ಪವಾಡ ಪ್ರದರ್ಶನ ಮಾಡಬಾರದು ಅಂತ ನಿಯಮ ಮಾಡಿ, ಆ ಪಾತ್ರೆ ಒಡೆದು ಪುಡಿ ಮಾಡಿ ಕಣ್ಣಿನ ಔಷಧಿಗೆ ಬಳಸಿ ಅಂದ. ಪವಾಡದ ಪಾತ್ರೆ ಪುಡಿಯಾಗಿ ಕಣ್ಣಿಗೆ ಮದ್ದು! ನಾವು ಮಾಡ್ತಿರೋದೂ ಅದೇ ಕೆಲಸ ಅಂದುಕೊಂಡಿದೀನಿ.

ಇನ್ನು ಲಿಂಬಿಹಣ್ಣು. ಇದು ನಗೋ ವಿಷಯ ಅಲ್ಲ.

ಜೋಯಿಡಾ ತಾಲೂಕಿನ ಒಂದು ಹಳ್ಳಿ, ಹೆಸರು ಬೇಡ. ದನ ಸತ್ತವು ಅಂತ ಒಬ್ಬ ಮಂತ್ರವಾದಿಯನ್ನ ಕರೆಸಿದರು. ಅವನು ಲಿಂಬಿಹಣ್ಣು ಕೊಯ್ದ, ಒಳಗಿಂದ 'ರಕ್ತ' ಬಂತು. ಮಾಟ ಮಾಡಿದವರು ಇಂಥ ದಿಕ್ಕಿನಲ್ಲಿದಾರೆ ಅಂದ. ಆ ದಿಕ್ಕಿನಲ್ಲಿ ಇದ್ದದ್ದು ನಮ್ಮ ಕೇರಿ, ಕೇರಿಯ ಕೊನೆಯಲ್ಲಿ ಒಂಟಿಯಾಗಿದ್ದದ್ದು ಗಂಡ ತೀರಿಹೋದ ಒಬ್ಬ ಅಕ್ಕ. ಮಾರನೇ ದಿನದಿಂದ ಬೋರಿನ ಹತ್ತಿರ ಅವರ ಕೊಡ ಬಂದರೆ ಉಳಿದವರ ಕೊಡ ಹಿಂದೆ ಸರಿದವು.

ನಾವು ನಾಲ್ಕು ಜನ ಹೋದೆವು. ಕೈಯಲ್ಲಿ ಇದ್ದದ್ದು ಒಂದು ಚಾಕು, ಮೂರು ಕೆಂಪು ದಾಸವಾಳ. ದಾಸವಾಳದ ಎಸಳನ್ನ ಚಾಕುವಿನ ಮೇಲೆ ತಿಕ್ಕಿ ಒಣಗಿಸಿದರೆ ಕಬ್ಬಿಣದ ಮೇಲೆ ಅದು ಕಾಣೋದೇ ಇಲ್ಲ. ಹುಳಿ ತಾಗಿದ ಕೂಡಲೇ ರಸ ಕೆಂಪಾಗುತ್ತೆ. ಅದೇ ಬೋರಿನ ಕಟ್ಟೆ ಮೇಲೆ, ಅವರವರ ಮನೆಯಿಂದಲೇ ಲಿಂಬಿಹಣ್ಣು ತರಿಸಿ ಕೊಯ್ದೆವು. ಪ್ರತಿ ಹಣ್ಣಲ್ಲೂ 'ರಕ್ತ'. ಆಮೇಲೆ ಚಾಕು ತೊಳೆದು ಕೊಯ್ದೆವು, ಬರೀ ಲಿಂಬಿ ರಸ. ಆಮೇಲೆ ಮಕ್ಕಳ ಕೈಗೇ ಹೂವು ಕೊಟ್ಟೆವು.

ಗೆದ್ದೆವು ಅಂತ ಬರೆಯೋಕೆ ಆಗಲ್ಲ. ಕೊಡಗಳು ಮತ್ತೆ ಒಂದೇ ಸಾಲಿಗೆ ಬಂದವು, ಅದು ನಿಜ. ಪಿಸುಮಾತು ನಿಂತಿಲ್ಲ, ಅದೂ ನಿಜ. ದೂರು ಕೊಡೋಣ ಅಂದೆವು. ಜನ 'ಮೌಢ್ಯ ನಿಷೇಧ ಕಾಯ್ದೆ' ಅಂತ ಕರೆಯೋ 2017ರ ಕಾಯ್ದೆ 2020ರಿಂದ ಜಾರಿಯಲ್ಲಿದೆ, ಒಂದರಿಂದ ಏಳು ವರ್ಷ ಜೈಲಿದೆ ಅಂತ ವಿವರಿಸಿದೆವು. ಅಕ್ಕ ಕೇಳಿಸಿಕೊಂಡು, "ನೀವು ಸಂಜೀಕ ಹೋಗ್ತೀರಿ ತಮ್ಮಾ, ನಾ ಇಲ್ಲೇ ಇರಬೇಕಲ್ಲ" ಅಂದರು. ಆ ಮಾತಿಗೆ ನನ್ನ ಚೀಲದಲ್ಲಿ ಯಾವ ಪ್ರಾಪರ್ಟಿಯೂ ಇಲ್ಲ. ತಿಂಗಳಿಗೊಂದು ಸಲ ಯಾರಾದರೂ ಹೋಗಿ ಅವರ ಮನೆಯಲ್ಲಿ ಚಹಾ ಕುಡಿದು ಬರ್ತೀವಿ. ಊರು ನೋಡಲಿ ಅಂತ.

ಈ ದಾರಿ ನಾವು ಕಂಡುಹಿಡಿದದ್ದಲ್ಲ. ಅಬ್ರಹಾಂ ಕೋವೂರ್ ಪವಾಡ ಸಾಬೀತು ಮಾಡಿದವರಿಗೆ ಲಕ್ಷ ರೂಪಾಯಿ ಅಂತ ಸವಾಲು ಹಾಕಿದ್ದರು, ಯಾರೂ ಗೆಲ್ಲಲಿಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡ ಪರಿಶೀಲನೆಗೆ ಸಮಿತಿ ಮಾಡಿ, ಪುಟ್ಟಪರ್ತಿಯ ಸಾಯಿಬಾಬಾರಿಗೆ ಪತ್ರ ಬರೆದರು, ಉತ್ತರ ಬರಲಿಲ್ಲ. ಹುಲಿಕಲ್ ನಟರಾಜ್ ಊರೂರು ತಿರುಗಿ ಪವಾಡ ಬಯಲು ಮಾಡಿದಾರೆ. ಪಕ್ಕದ ಬೆಳಗಾವಿಯ ಸ್ಮಶಾನದಲ್ಲಿ ಸತೀಶ ಜಾರಕಿಹೊಳಿಯವರ ಮಾನವ ಬಂಧುತ್ವ ವೇದಿಕೆ ಡಿಸೆಂಬರ್ 6ಕ್ಕೆ ಜನರನ್ನ ಸೇರಿಸುತ್ತೆ. ಇದಕ್ಕೆ ತೆತ್ತ ಬೆಲೆಯೂ ಗೊತ್ತಿದೆ: 2013ರಲ್ಲಿ ಪುಣೆಯಲ್ಲಿ ದಾಭೋಲ್ಕರ್, 2015ರಲ್ಲಿ ಧಾರವಾಡದಲ್ಲಿ ಕಲಬುರ್ಗಿ ಸರ್. ಇವರೆಲ್ಲರ ಋಣ ಇಟ್ಟುಕೊಂಡೇ ಒಂದು ಮಾತು ಹೇಳ್ತೀನಿ. ಎಷ್ಟೋ ಪವಾಡ ಬಯಲು ಕಾರ್ಯಕ್ರಮಗಳಲ್ಲಿ ಬೂದಿ ಬಯಲಾಗುತ್ತೆ, ಬೆಂಕಿ ಬಯಲಾಗುತ್ತೆ, ಜಾತಿ ಬಯಲಾಗಲ್ಲ. ಕಾರ್ಯಕ್ರಮ ಮುಗಿದ ಮೇಲೆ ಚಹಾ ಲೋಟ ಯಾರಿಗೆ ಗಾಜಿಂದು, ಯಾರಿಗೆ ಪೇಪರಿಂದು ಅಂತಲೂ ನೋಡೋಣ.

ಕೊನೆಗೆ, ಗುಟ್ಟು ಬಿಟ್ಟುಕೊಡೋದರ ಬಗ್ಗೆ. ಒಬ್ಬ ಗೆಳೆಯ ಗಂಭೀರವಾದ ಆಕ್ಷೇಪ ಎತ್ತಿದಾರೆ: "ಕೈಚಳಕದ ಆಟ ಆಡಿ ಹೊಟ್ಟೆ ಹೊರೆಯೋರು ನಮ್ಮ ಅಲೆಮಾರಿಗಳೇ. ಸುಡುಗಾಡು ಸಿದ್ಧರು ಪರಿಶಿಷ್ಟ ಜಾತಿ ಪಟ್ಟಿಯಲ್ಲೇ ಇದಾರೆ. ಎಲ್ಲಾ ಗುಟ್ಟು ಫೇಸ್‌ಬುಕ್ಕಿಗೆ ಹಾಕಿದರೆ ಅವರ ಗತಿ?" ಸರಿಯಾದ ಮಾತು. ಅದಕ್ಕೆ ನಮ್ಮ ಗುಂಪಿನಲ್ಲಿ ಗೆರೆ ಎಳೆದುಕೊಂಡಿದೀವಿ. "ನೋಡ್ರಿ ನನ್ನ ಕೈಚಳಕ" ಅಂತ ಆಡಿ ಹತ್ತು ರೂಪಾಯಿ ಕೇಳೋನ ವಿದ್ಯೆ ಅವನ ಆಸ್ತಿ, ಅದನ್ನ ನಾವು ಮುಟ್ಟಲ್ಲ. ಬಟ್ಟಲು ಗೋಲಿಯ ಆಟ ಹೇಗೆ ಅಂತ ನನ್ನನ್ನ ಎಷ್ಟು ಕೇಳಿದರೂ ಹೇಳಲ್ಲ. ಅದೇ ವಿದ್ಯೆಯನ್ನ "ದೇವರು ನನ್ನ ಮೈಯಲ್ಲಿದಾನೆ" ಅಂತ ಹೇಳಿ ಒಬ್ಬ ಹೆಣ್ಣುಮಗಳ ಕೊಡ ತಡೆಯೋಕೆ ಬಳಸಿದರೆ, ಆ ಗುಟ್ಟು ಊರಿನ ಆಸ್ತಿ.

ತಂಬಿಗೆ ನನ್ನ ಹತ್ತಿರವೇ ಇದೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಯಾವ ಸಂಘಟನೆ ಬೇಕಾದರೂ ಒಯ್ಯಬಹುದು, ಬಾಡಿಗೆ ಇಲ್ಲ. ಷರತ್ತು ಮೂರೇ. ಆಟ ಮುಗಿದ ಮೇಲೆ ಗುಟ್ಟು ಹೇಳಲೇಬೇಕು, ಹೇಳದೆ ಇಳಿದರೆ ನಾವೂ ಇನ್ನೊಬ್ಬ ಸ್ವಾಮಿ. ಗುಟ್ಟು ಹೇಳೋ ಮುಂಚೆ ಯಾರಿಗೂ ನೀರು ಕುಡಿಸಬಾರದು, ಯಾರನ್ನೂ ಮೋಸದಿಂದ ಗೆಲ್ಲೋದು ಬೇಡ. ಮತ್ತೆ, ವಾಪಸ್ ಕೊಡೋವಾಗ ಒಣಗಿಸಿ ಕೊಡಿ, ಎರಡು ಗೋಡೆ ನಡುವೆ ನೀರು ನಿಂತರೆ ತಾಮ್ರ ಹಸಿರು ಹಿಡಿಯುತ್ತೆ. ಕಾಕಾ ಬೈತಾರೆ.

ಬೇಕಾದವರು ಇನ್‌ಬಾಕ್ಸಿಗೆ ಬನ್ನಿ. ಜೈ ಭೀಮ್.