ಮೂರು ತಾಲ್ಲೂಕುಗಳ ಕಾಶೀಯಾತ್ರೆ

ಉದ್ಯೋಗದಲ್ಲಿರುವವನಿಗೆ ವಿರಾಮವಿಲ್ಲವೆಂದು ಲೋಕವೆಲ್ಲ ಒಪ್ಪುತ್ತದೆ. ವಿಶ್ರಾಂತಿವೇತನ ಪಡೆಯತಕ್ಕವನಿಗೆ ವಿರಾಮವಲ್ಲದೆ ಬೇರೇನೂ ಇಲ್ಲವೆಂದು ಅದೇ ಲೋಕ ಅಷ್ಟೇ ದೃಢವಾಗಿ ನಂಬುತ್ತದೆ. ಈ ಎರಡನೆಯ ನಂಬಿಕೆಯ ಫಲವನ್ನು ನಾನು 2024ನೆಯ ಇಸವಿ ಮೇ ತಿಂಗಳ ಕೊನೆಯ ದಿನದಿಂದ ಅನುಭವಿಸುತ್ತ ಬಂದಿದ್ದೇನೆ. ಆ ದಿನ ಶಾಲೆಯಲ್ಲಿ ನನಗೊಂದು ಶಾಲು ಹೊದಿಸಿ, ಫಲತಾಂಬೂಲದೊಡನೆ ಗಾಲಿಗಳುಳ್ಳ ಒಂದು ದೊಡ್ಡ ಪ್ರಯಾಣದ ಪೆಟ್ಟಿಗೆಯನ್ನೂ ಕೊಟ್ಟರು. ಮೇಷ್ಟರು ತರಗತಿಯಲ್ಲಿ ಮೇಘದೂತದ ಕಥೆ ಹೇಳಿ ಮೋಡವನ್ನು ರಾಮಗಿರಿಯಿಂದ ಅಲಕಾವತಿಯವರೆಗೆ ಅಟ್ಟಿದರೇ ಹೊರತು ತಾವು ತರೀಕೆರೆಯನ್ನು ದಾಟಲಿಲ್ಲ, ಇನ್ನಾದರೂ ದಾಟಲಿ ಎಂಬುದು ಹಳೆಯ ವಿದ್ಯಾರ್ಥಿಗಳ ಅಭಿಪ್ರಾಯ. ಆ ಪೆಟ್ಟಿಗೆ ಈಗ ನಮ್ಮ ಮನೆಯ ಅಟ್ಟದ ಮೇಲಿದೆ. ಅದರಲ್ಲಿ ಹಲಸಿನ ಹಪ್ಪಳ ತುಂಬಿದೆ. ಮಲೆನಾಡಿನ ಮಳೆಗಾಲದ ತೇವ ಅದರೊಳಕ್ಕೆ ಇಳಿಯಲಾರದೆಂಬುದು ಮನೆಯಾಕೆಯ ಪರೀಕ್ಷೆಯಿಂದ ಸಿದ್ಧವಾಗಿದೆ.

ನಮ್ಮ ವಾಸ ಕೊಪ್ಪದಲ್ಲಿ. ವಾಚಕರು ಭೂಪಟವನ್ನು ತೆರೆದರೆ ಈ ಊರಿನ ಸ್ಥಿತಿ ಚೆನ್ನಾಗಿ ತಿಳಿಯುವುದು. ವರಾಹಪರ್ವತದ ಗಂಗಾಮೂಲದಲ್ಲಿ ಹುಟ್ಟಿದ ಎರಡು ಹೊಳೆಗಳಲ್ಲಿ ತುಂಗೆಯು ಶೃಂಗೇರಿ, ಹರಿಹರಪುರ, ತೀರ್ಥಹಳ್ಳಿಗಳ ಮಾರ್ಗವನ್ನು ಹಿಡಿದರೆ, ಭದ್ರೆಯು ಕಳಸ, ಬಾಳೆಹೊನ್ನೂರುಗಳನ್ನು ಸುತ್ತಿಕೊಂಡು ನರಸಿಂಹರಾಜಪುರದ ಕಡೆಗೆ ಹರಿಯುತ್ತದೆ. ಅಕ್ಕತಂಗಿಯರು ಪುನಃ ಕೂಡುವುದು ಶಿವಮೊಗ್ಗೆಯ ಬಳಿಯ ಕೂಡಲಿಯಲ್ಲಿ. ಈ ಎರಡು ನೀರುಗಳ ನಡುವೆ ಕೊಪ್ಪ. ನನ್ನ ಸಂಸಾರವೂ ಹಾಗೆಯೇ ಹಂಚಿಹೋಗಿದೆ. ತುಂಗೆಯ ಕಡೆ ಶೃಂಗೇರಿಯಾಚೆ ಕಿಗ್ಗದ ಹಾದಿಯಲ್ಲಿ ತಮ್ಮನ ಅಡಕೆ ತೋಟ, ಅದೇ ನಮ್ಮ ಮೂಲಮನೆ. ಭದ್ರೆಯ ಕಡೆ ನರಸಿಂಹರಾಜಪುರದಲ್ಲಿ ವಿಧವೆಯಾದ ಅಕ್ಕ. ನಡುವೆ ನಾನು, ನನ್ನ ಹೆಂಡತಿ, ಮತ್ತು ಎಂಬತ್ತಾರು ವರ್ಷದ ನಮ್ಮ ತಾಯಿ. ಮಕ್ಕಳು ಎಲ್ಲರ ಮಕ್ಕಳಂತೆ ಬೆಂಗಳೂರಿನಲ್ಲಿದ್ದಾರೆ.

ಕೊಪ್ಪಕ್ಕೆ ಬರುವವರು ಸಾಮಾನ್ಯವಾಗಿ ಬೇರೆಲ್ಲಿಗೋ ಹೋಗತಕ್ಕವರು. ಬಸ್ಸು ಬದಲಾಯಿಸಿ, ಒಂದು ಲೋಟ ಕಾಫಿ ಕುಡಿದು, ಊರನ್ನು ನೋಡದೆಯೇ ಹೊರಡುತ್ತಾರೆ. ಕುವೆಂಪು ಅವರ ಮನೆಯನ್ನು ನೋಡಲು ಕುಪ್ಪಳಿಗೆ ಧಾವಿಸುವ ಎಷ್ಟೋ ಮಂದಿಗೆ ಅವರು 1904ನೆಯ ಇಸವಿ ಡಿಸೆಂಬರ್ 29ರಂದು ಜನಿಸಿದ ಹಿರೇಕೊಡಿಗೆ ನಮ್ಮ ಕೊಪ್ಪ ತಾಲ್ಲೂಕಿನದೆಂಬುದು ತಿಳಿಯದು. ಊರಿಗೆ ಸಮೀಪದ ಕೆಸವೆಯಲ್ಲಿ ಕಮಂಡಲ ಗಣಪತಿಯ ಮುಂದೆ ನೆಲದಿಂದ ನೀರು ಜಿನುಗುವುದನ್ನು ನೋಡಿದವರು ಇನ್ನೂ ಕಡಿಮೆ. ಬಸ್ಸಿನ ಮಾತು ಬಂದುದರಿಂದ ಇದನ್ನೂ ಹೇಳಿಬಿಡುತ್ತೇನೆ: ಈ ಮೂರು ತಾಲ್ಲೂಕುಗಳಲ್ಲಿ ಈಗ ರೈಲಿಲ್ಲ. ನಮ್ಮ ತಿರುಗಾಟವೆಲ್ಲ ಬಸ್ಸಿನ ಕೃಪೆ. 1991ರಲ್ಲಿ ಕಾರ್ಮಿಕರೇ ಒಟ್ಟುಗೂಡಿ ಕೊಪ್ಪದಲ್ಲಿ ಕಟ್ಟಿದ ‘ಸಹಕಾರ ಸಾರಿಗೆ’ಯ ಬಸ್ಸುಗಳು ಸುಮಾರು ಮೂವತ್ತು ವರ್ಷ ನಮ್ಮನ್ನು ಮದುವೆಗೂ ಬೊಜ್ಜಕ್ಕೂ ಪರೀಕ್ಷೆಗೂ ಹೊತ್ತು ತಿರುಗಿದವು, 2020ರಲ್ಲಿ ನಿಂತುಹೋದವು. ಅದರ ಕಂಡಕ್ಟರುಗಳಿಗೆ ಯಾರ ಮನೆಯ ಯಾವ ಹೆಣ್ಣುಮಗಳು ಯಾವ ತಿರುವಿನಲ್ಲಿ ಇಳಿಯುವಳೆಂಬುದು ಕೇಳದೆಯೇ ಗೊತ್ತಿತ್ತು.

ಇನ್ನು ಯಾತ್ರೆಯ ವಿಷಯ. ಭಾವನವರು ಬದುಕಿದ್ದಾಗ ಅಕ್ಕನನ್ನು ಕಾಶಿಗೆ ಕರೆದುಕೊಂಡು ಹೋಗಬೇಕೆಂದಿದ್ದರು. ಅದು ಆಗದೆ, ಕೊನೆಯ ದಿನಗಳಲ್ಲಿ ನನ್ನ ಕೈಹಿಡಿದು, “ರಿಟೈರಾದ ಮೇಲೆ ನೀವು ಒಂದು ಸಲ ಕರಕೊಂಡು ಹೋಗಿ” ಎಂದರು, ನಾನು ಒಪ್ಪಿಕೊಂಡೆ. ಒಪ್ಪಿಕೊಳ್ಳುವಾಗ ನಿವೃತ್ತಿಯೆಂಬುದು ಬಹಳ ದೂರದಲ್ಲಿತ್ತು. ಅದು ಬಂದ ಎರಡನೆಯ ತಿಂಗಳಲ್ಲಿಯೇ ನಾನು ನವೆಂಬರಿನ ಪ್ರಯಾಣಕ್ಕೆ ಮೂರು ಟಿಕೇಟುಗಳನ್ನು ಕಾದಿರಿಸಿದೆ. ಆಗ ರೈಲಿನಲ್ಲಿ 120 ದಿನ ಮುಂಚಿತವಾಗಿ ಸ್ಥಳ ಹಿಡಿಯಬಹುದಾಗಿತ್ತು. ನವರಾತ್ರಿಯಲ್ಲಿ ತಾಯಿ ಬಚ್ಚಲಿನಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ಟಿಕೇಟು ರದ್ದಾಯಿತು. ಅದೇ ನವೆಂಬರ್ 1ರಿಂದ ರೈಲ್ವೆಯವರು 120 ದಿನಗಳನ್ನು 60ಕ್ಕೆ ಇಳಿಸಿದರು. ಇದನ್ನು ಅನೇಕರು ಹಳಿದರು, ನಾನಂತೂ ಹಳಿಯಲಾರೆ. ನಾಲ್ಕು ತಿಂಗಳ ಮುಂದಿನದನ್ನು ಸಂಸಾರಿಯಾದವನು ಹೇಗೆ ಹೇಳಿಯಾನು? ಅರುವತ್ತು ದಿನವೆಂದರೆ ಊಹೆಗೆ ನಿಲುಕತಕ್ಕ ಕಾಲ.

ಅನಂತರ ಮಗಳ ಬಾಣಂತನ ಬಂದಿತು, ಮಾಘದಿಂದ ವೈಶಾಖದವರೆಗೆ. ಅದು ಸಂತೋಷದ ವಿಷಯ, ವಿಸ್ತರಿಸುವುದಿಲ್ಲ. ಮೇಲೆ ಮಳೆ ಹಿಡಿಯಿತು.

ಆ ಬೇಸಗೆಯ ಕೊನೆಯಲ್ಲಿ ನಾನೊಬ್ಬನೇ ನರಸಿಂಹರಾಜಪುರಕ್ಕೆ ಹೋಗಿದ್ದೆ. ಈ ಊರಿನ ಹಳೆಯ ಹೆಸರು ಎಡೇಹಳ್ಳಿ. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಬಂದುಹೋದ ನೆನಪಿಗೆ 1915ರಲ್ಲಿ ಈಗಿನ ಹೆಸರಾಯಿತು. ಹಿಂದೆ ತರೀಕೆರೆಯಿಂದ ಇಲ್ಲಿಯವರೆಗೆ ಕಾಡಿನೊಳಗೆ ಸಣ್ಣ ಹಳಿಯ ಟ್ರಾಂ ಗಾಡಿ ಬರುತ್ತಿತ್ತು. ರೈಲಿಲ್ಲವೆಂದು ಮೇಲೆ ಬರೆದೆನಷ್ಟೆ, ನಮ್ಮ ಅಜ್ಜಂದಿರ ಕಾಲಕ್ಕೆ ಆ ಮಾತು ಸಲ್ಲದು. ಸಿಂಹನಗದ್ದೆಯ ಜೈನಬಸದಿಯಲ್ಲಿ ಜ್ವಾಲಾಮಾಲಿನೀ ದೇವಿಯ ದರ್ಶನಕ್ಕೆ ದೂರದೂರದಿಂದ ಶ್ರಾವಕರು ಬರುತ್ತಾರೆ. ಆದರೆ ಈ ಸೀಮೆಯ ಚಹರೆಯನ್ನೇ ಬದಲಾಯಿಸಿದುದು ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟಿದ ಅಣೆಕಟ್ಟು. 1960ರ ದಶಕದಲ್ಲಿ ಅದು ತುಂಬಿದಾಗ ಹಿನ್ನೀರು ಇಲ್ಲಿಯ ಗದ್ದೆಗಳನ್ನೂ ಮನೆಗಳನ್ನೂ ನುಂಗಿತು. ಆ ನೀರು ದಾವಣಗೆರೆಯ ಸೀಮೆಯ ಬತ್ತಕ್ಕೆ ಜೀವವೆಂಬುದನ್ನು ಬಲ್ಲೆ. ಮುಳುಗಿದುದರಲ್ಲಿ ಭಾವನವರ ಹಿರಿಯರ ಮನೆಯೂ ಒಂದೆಂಬುದನ್ನೂ ಬಲ್ಲೆ.

ಕಡು ಬೇಸಗೆಯಲ್ಲಿ ನೀರು ಹಿಂದೆ ಸರಿದಾಗ ಆ ಮನೆಯ ಜಗಲಿಯ ಮೆಟ್ಟಿಲುಗಳು ಕೆಸರಿನಿಂದ ಮೇಲೇಳುತ್ತವೆ. ಭಾವನವರು ವರ್ಷಕ್ಕೊಮ್ಮೆ ಹೋಗಿ ಅವನ್ನು ನೋಡಿ ಬರುತ್ತಿದ್ದರು. ಅವರ ಕಾಲಾನಂತರ ಅಕ್ಕ ಆ ಪದ್ಧತಿಯನ್ನು ಬಿಟ್ಟಿಲ್ಲ. ಈ ಸಲ ನನ್ನೊಡನೆ ಆಟೋದಲ್ಲಿ ದಂಡೆಯವರೆಗೆ ಬಂದಳು. ಬಿರಿದ ಕೆಸರಿನ ಮೇಲೆ ಬೆಳ್ಳಕ್ಕಿಗಳು ನಡೆದಾಡುತ್ತಿದ್ದವು. ಆಚೆ ನೀಲಿಯಾದ ನೀರು, ಅದರಾಚೆ ಭದ್ರಾ ಅಭಯಾರಣ್ಯದ ಕಾಡು. ಅಕ್ಕ ಸ್ವಲ್ಪ ಹೊತ್ತು ನೇರವಾಗಿ ನೋಡುತ್ತ ನಿಂತು, “ಹೋದ ವರ್ಷ ಮೆಟ್ಟಿಲು ನನಗೇ ಕಂಡಿತ್ತು ಮಾರಾಯ. ಈ ಸಲ ನೀನು ನೋಡಿ ಹೇಳು” ಎಂದಳು.

ಅವಳಿಗೆ ಗ್ಲಾಕೋಮಾ ಎಂಬ ಕಣ್ಣಿನ ವ್ಯಾಧಿ ಉಂಟೆಂದು ಆಗ ತಿಳಿಯಿತು. ಈ ವ್ಯಾಧಿಯಲ್ಲಿ ಕಣ್ಣಿನ ನರ ಮೆಲ್ಲಮೆಲ್ಲನೆ ನಶಿಸುತ್ತದೆ. ನೋವಿಲ್ಲದ ಕಾರಣ ರೋಗಿಗೆ ಅರಿವಾಗುವುದು ತಡವಾಗಿ. ಪೊರೆ ಬಂದರೆ ತೆಗೆಸಬಹುದು, ಇದರಲ್ಲಿ ಹೋದ ದೃಷ್ಟಿ ಮರಳದು. ಉಳಿದುದನ್ನು ಕಾಪಾಡಿಕೊಳ್ಳಲು ತಪ್ಪದೆ ತೊಟ್ಟು ಔಷಧ ಹಾಕಿಕೊಳ್ಳಬೇಕು. ನಲವತ್ತು ದಾಟಿದವರು ವರ್ಷಕ್ಕೊಮ್ಮೆ ಕಣ್ಣಿನ ಒತ್ತಡವನ್ನು ಪರೀಕ್ಷಿಸಿಕೊಳ್ಳಲಿ ಎಂದು ವಾಚಕರಲ್ಲಿ ನನ್ನ ಪ್ರಾರ್ಥನೆ. ಅವಳು ಆರು ತಿಂಗಳು ನಮಗೆ ಹೇಳದೆ ಇದ್ದುದಕ್ಕೆ ಕಾರಣವನ್ನು ಕೇಳಿದೆ. “ನಿನಗೆ ಅಮ್ಮನ್ನ ನೋಡಿಕೊಳ್ಳೋದೇ ಸಾಕಷ್ಟಿದೆ” ಎಂದಳು. ಕಾಶಿಯ ಮಾತನ್ನು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಮೊನ್ನೆ 2025ರ ವಿಜಯದಶಮಿಗೆ ಮಗನ ಮಗನಿಗೆ ಶೃಂಗೇರಿಯಲ್ಲಿ ಅಕ್ಷರಾಭ್ಯಾಸವೆಂದು ನಿಶ್ಚಯವಾಗಿ ಎಲ್ಲರೂ ಹೊರಟೆವು. ತಾಯಿಯನ್ನೂ ಕಾರಿನಲ್ಲಿ ಕೂರಿಸಿಕೊಂಡೆವು. ಕೋಲು ಹಿಡಿದು ನಾಲ್ಕು ಹೆಜ್ಜೆ ನಡೆಯುವಷ್ಟಾಗಿದ್ದಳು. ಬಾಲ್ಯದಲ್ಲಿ ಕೆಲವು ವರ್ಷ ಸಂಸ್ಕೃತ ಕಲಿತ ಊರಾದುದರಿಂದ ಶೃಂಗೇರಿಯ ವಿಷಯದಲ್ಲಿ ನನಗೆ ಪಕ್ಷಪಾತವುಂಟು. ವಿದ್ಯಾಶಂಕರ ದೇವಾಲಯವು 14ನೆಯ ಶತಮಾನದ್ದು. ಅದರೊಳಗೆ ಹನ್ನೆರಡು ರಾಶಿಗಳ ಹನ್ನೆರಡು ಕಂಬಗಳಿವೆ. ಸೂರ್ಯನು ಯಾವ ರಾಶಿಯಲ್ಲಿರುವನೋ ಆ ಕಂಬದ ಮೇಲೆ ಬೆಳಗಿನ ಕಿರಣ ಬೀಳುವುದೆಂದು ಹೇಳುತ್ತಾರೆ. ನಾವು ಹುಡುಗರು ಬೆಳಗಿನ ಜಾವವೆದ್ದು ಅದನ್ನು ಪರೀಕ್ಷಿಸಲು ಹೋದ ದಿನಗಳಲ್ಲೆಲ್ಲ ತಪ್ಪದೆ ಮೋಡ ಕವಿಯುತ್ತಿತ್ತು. ಹೊಳೆಯ ಮೆಟ್ಟಿಲ ಬಳಿ ದೊಡ್ಡ ಮೀನುಗಳು ಈಗಲೂ ಪುರಿಗಾಗಿ ಬಾಯಿ ತೆರೆದು ನಿಂತಿರುತ್ತವೆ. ಅಲ್ಲಿಯೇ ಕಪ್ಪೆಶಂಕರ, ಪ್ರಸವವೇದನೆಯಲ್ಲಿದ್ದ ಕಪ್ಪೆಗೆ ಹಾವು ಹೆಡೆಯ ನೆರಳು ಕೊಟ್ಟಿತೆಂಬ ಕಥೆಯ ಗುರುತು. ಆಚೆಯ ದಡದ ನರಸಿಂಹವನಕ್ಕೆ ನಾವು ದೋಣಿಯಲ್ಲಿ ಹೋಗುತ್ತಿದ್ದೆವು; ಈಗ ವಿದ್ಯಾತೀರ್ಥ ಸೇತುವೆಯುಂಟು.

ಮೊಮ್ಮಗ ಅಕ್ಕಿಯ ಮೇಲೆ ಒಂದು ಅಕ್ಷರ ಬರೆದು, ಎರಡನೆಯದಕ್ಕೆ ಅಕ್ಕಿಯನ್ನು ಬಾಯಿಗೆ ಹಾಕಿಕೊಂಡ. ವಿದ್ಯೆಯ ಆರಂಭ ಬಹಳ ಜನರಲ್ಲಿ ಹೀಗೆಯೇ ಆಗುತ್ತದೆ.

ಮಧ್ಯಾಹ್ನದ ಮೇಲೆ ಕಿಗ್ಗದ ದಾರಿ ಹಿಡಿದೆವು. ಶೃಂಗೇರಿಯ ಹೆಸರಿಗೆ ಮೂಲನಾದ ಋಷ್ಯಶೃಂಗನು ಅಲ್ಲಿ ಈಶ್ವರನ ರೂಪದಲ್ಲಿ ಪೂಜೆಗೊಳ್ಳುತ್ತಾನೆ. ಅಂಗದೇಶಕ್ಕೆ ಕಾಲಿಟ್ಟೊಡನೆ ಮಳೆ ತರಿಸಿದವನೆಂದು ರಾಮಾಯಣ ಹೇಳುವ ಮುನಿ ಇವನೇ. ಬಯಲುಸೀಮೆಯವರು ಮಳೆ ಬರಲೆಂದು ಬೇಡುತ್ತಾರೆ; ನಮ್ಮವರಿಗೆ ಮಳೆ ನಿಲ್ಲಲೆಂದು ಬೇಡುವ ಪ್ರಸಂಗವೇ ಹೆಚ್ಚು. ಆ ವರ್ಷವೂ ಕೊಳೆರೋಗದಿಂದ ಕಾಯಿ ಉದುರಿದ್ದಿತು. ಅದರ ಮೇಲೆ ಎಲೆಚುಕ್ಕಿ, ಹಳದಿ ಎಲೆ. ತಮ್ಮನ ತೋಟದ ಕೆಳಭಾಗದಲ್ಲಿ ಮರಗಳು ಸೊರಗಿ ನಿಂತಿದ್ದವು. ಅವನ ಮುಖವೂ ಹಾಗೆಯೇ ಇತ್ತು. ಆ ಹೊತ್ತಿನಲ್ಲಿ ನಾನು ಬಾಯಿಬಿಡಬಾರದಾಗಿತ್ತು. ಬಿಟ್ಟೆ. ಹನ್ನೆರಡು ದಿನ ಅಮ್ಮನನ್ನು ಇಟ್ಟುಕೊಳ್ಳುವೆಯಾ, ಅಕ್ಕನನ್ನು ಕಾಶಿಗೆ ಕರೆದೊಯ್ಯಬೇಕು ಎಂದೆ.

“ಅಣ್ಣಯ್ಯ, ನಿನಗೇನು, ತಿಂಗಳಾದರೆ ಪೆನ್ಶನ್ ಬರ್ತದೆ, ದಿನಾ ಪುರುಸೊತ್ತು. ಇಲ್ಲಿ ಕೊಯ್ಲು ಶುರುವಾದರೆ ನಮಗೆ ಊಟಕ್ಕೆ ಕೂರೋಕೆ ಆಗೋದಿಲ್ಲ. ಅಮ್ಮನ್ನ ನಿನಗಿಂತ ಚೆನ್ನಾಗಿ ಯಾರು ನೋಡ್ತಾರೆ?”

ಅವನು ಹೇಳಿದುದರಲ್ಲಿ ಅರ್ಧ ನಿಜ. ಕಾರ್ತೀಕದಿಂದ ಪುಷ್ಯದವರೆಗೆ ಅಡಕೆಯವನ ಮನೆ ಮನೆಯಲ್ಲ; ಕೊಯ್ದುದನ್ನು ಅಂದೇ ಸುಲಿಯಬೇಕು, ಚೊಗರಿನಲ್ಲಿ ಬೇಯಿಸಬೇಕು, ಒಣಹಾಕಬೇಕು; ಆಳು ಸಿಕ್ಕುವುದಿಲ್ಲ. ಆದರೆ ‘ಪುರುಸೊತ್ತು’ ಎಂಬ ಶಬ್ದ ನನ್ನನ್ನು ಚುಚ್ಚಿತು. ಎರಡು ವರ್ಷದಿಂದ ರಾತ್ರಿ ಎರಡು ಸಲ ಎದ್ದು ತಾಯಿಯನ್ನು ಬಚ್ಚಲಿಗೆ ನಡೆಸಿದವನೂ ಅವನಲ್ಲ, ಅವನ ಮಕ್ಕಳ ಅರ್ಜಿಗಳನ್ನು ತುಂಬಿ ಕಛೇರಿಗಳ ಬಾಗಿಲು ಕಾದವನೂ ಅವನಲ್ಲ. ಇದನ್ನೆಲ್ಲ ನಾನು ಜಗಲಿಯ ಮೇಲೆ ನಿಂತು, ಮೂವತ್ತೈದು ವರ್ಷ ತರಗತಿಯಲ್ಲಿ ಕೂಗಿ ಅಭ್ಯಾಸವಾದ ಕಂಠದಲ್ಲಿ ಹೇಳಿದೆ. ತಮ್ಮನೂ ಹೇಳಿದ. ಹಬ್ಬದ ದಿನ, ಮಕ್ಕಳೆದುರಿಗೆ! ಬರೆಯುವಾಗಲೂ ನಾಚಿಕೆಯಾಗುತ್ತದೆ.

ನಾವು ಹೀಗೆ ಪಾಂಡಿತ್ಯವನ್ನು ಪ್ರದರ್ಶಿಸುತ್ತಿದ್ದಾಗ ಒಳಗೆ ಒರಗಿತ್ತಿಯರಿಬ್ಬರೂ ದೋಸೆಗೆ ಅಕ್ಕಿ ತೊಳೆಯುತ್ತ ವ್ಯವಹಾರವನ್ನು ಮುಗಿಸಿಬಿಟ್ಟಿದ್ದರು. ಪುಷ್ಯಕ್ಕೆ ಸುಲಿತ ಮುಗಿಯುವುದು. ಮೊದಲನೆಯ ಬೋರ್ಡೋ ಸಿಂಪಡಣೆ ಮಳೆಗೆ ಮುಂಚೆ. ಇವೆರಡರ ನಡುವೆ ಫಾಲ್ಗುಣ ಮಾಸ ಖಾಲಿ. ಇದನ್ನು ನಾನು ಪಂಚಾಂಗ ಹಿಡಿದುಕೊಂಡು ಎರಡು ವರ್ಷದಲ್ಲಿ ಕಂಡಿರಲಿಲ್ಲ.

ಇನ್ನೂ ಒಬ್ಬರನ್ನು ಕೇಳಿರಲಿಲ್ಲ. ಸಂಜೆ ಹೊರಡುವಾಗ ತಾಯಿ ತುಳಸಿಕಟ್ಟೆಯ ಬಳಿ ಕುಳಿತವಳು ಏಳಲಿಲ್ಲ. ಅವಳು ಹದಿನೆಂಟನೆಯ ವರ್ಷಕ್ಕೆ ಸೊಸೆಯಾಗಿ ಕಾಲಿಟ್ಟ ಅಂಗಳ ಅದು. ಆಸ್ಪತ್ರೆ ಹತ್ತಿರವೆಂದು ನಾನೇ ಕೊಪ್ಪಕ್ಕೆ ತಂದಿಟ್ಟುಕೊಂಡದ್ದು. “ನೀವು ನನ್ನನ್ನು ಕಾಯ್ತಾ ಕಾಶಿಗೆ ಹೋಗಲಿಲ್ಲ. ನೀವು ಹೋಗಲಿಲ್ಲ ಅಂತ ನಾನು ತೋಟಕ್ಕೆ ಬರಲಿಲ್ಲ. ನನ್ನ ಯಾರಾದರೂ ಕೇಳಿದಿರಾ?” ಎಂದಳು. ತಮ್ಮ ನನ್ನ ಮುಖವನ್ನು ನೋಡಿದ. ನಾನು ಅಂಗಳದ ಕಲ್ಲುಗಳನ್ನು ನೋಡಿದೆ.

ಆ ರಾತ್ರಿ ಹರಿಹರಪುರದ ದಾರಿಯಲ್ಲಿ ಬರುವಾಗ, ಬುದ್ಧಿ ಕಲಿತವನಾಗಿ, ಹೆಂಡತಿಯನ್ನು ಆಕೆಗೆ ಯಾವ ಊರು ನೋಡುವ ಆಸೆಯೆಂದು ಕೇಳಿದೆ. ಮದುವೆಯಾಗಿ ಮೂವತ್ತನಾಲ್ಕು ವರ್ಷಕ್ಕೆ ಮೊದಲ ಸಲ. “ಯಾವ ಊರಾದರೂ ಸರಿ. ಬೆಳಗ್ಗೆ ನಾನು ಎದ್ದ ಮೇಲೆ ಕಾಫಿ ಇನ್ನೊಬ್ಬರು ಮಾಡಿ ಕೊಡೋ ಊರಾಗಿರಬೇಕು” ಎಂದಳು. ಕಾಶಿಯಲ್ಲಿ ಅಂಥ ಸ್ಥಳ ಉಂಟೆಂದು ಹೋಗಿಬಂದವರು ಹೇಳುತ್ತಾರೆ.

ಅರುವತ್ತನೆಯ ದಿನದ ಬೆಳಗ್ಗೆ ಎಂಟು ಗಂಟೆಗೆ ಮಗ ಬೆಂಗಳೂರಿನಿಂದಲೇ ಫಾಲ್ಗುಣಕ್ಕೆ ಮೂರು ಟಿಕೇಟುಗಳನ್ನು ಹಿಡಿದ. ತಾಯಿ ತನ್ನ ಎರಡು ಕಂಬಳಿಗಳನ್ನೂ ಕೋಲನ್ನೂ ಈಗಲೇ ಬಾಗಿಲ ಬಳಿ ಇಟ್ಟಿದ್ದಾಳೆ. ಅಕ್ಕನಿಗೆ ದಿನಕ್ಕೆ ಎರಡು ಸಲ ಫೋನು ಮಾಡಿ ಔಷಧದ ತೊಟ್ಟನ್ನು ಜ್ಞಾಪಿಸುತ್ತೇನೆ; ಅವಳು ಗಂಗೆಯ ಅಗಲ ಎಷ್ಟು, ಆಚೆಯ ದಡ ಕಾಣುವುದೇ ಎಂದು ಕೇಳುತ್ತಾಳೆ. ಈ ಸಂಚಿಕೆ ವಾಚಕರ ಕೈಸೇರುವ ಹೊತ್ತಿಗೆ ನಾವು ಹೊರಟಿರುವೆವೋ ಇಲ್ಲವೋ ಹೇಳಲಾರೆ. ನಿನ್ನೆ ಏಣಿ ಹಾಕಿ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದೆವು. ಹಪ್ಪಳವನ್ನು ಡಬ್ಬಿಗಳಿಗೆ ತುಂಬಿ, ಪೆಟ್ಟಿಗೆಯ ಬಾಯಿ ತೆರೆದು ಅಂಗಳದಲ್ಲಿ ಬಿಸಿಲಿಗೆ ಇಟ್ಟಿದೆ. ಹಲಸಿನ ವಾಸನೆ ಇನ್ನೂ ಹೋಗಿಲ್ಲ.