ಟಸ್ಕನಿಯಲ್ಲಿ ಗಂಟುಮೂಟೆ ಇಳಿಸುವುದೆಲ್ಲಿ?

ಟಸ್ಕನಿಯ ಹಳ್ಳಿಗಾಡಿನಲ್ಲಿ ಮೂರ್ನಾಲ್ಕು ದಿನ ಕಾರು ಓಡಿಸಲು ಹೊರಟವರಲ್ಲಿ ಹಲವರು ಫ್ಲಾರೆನ್ಸ್‌ನಲ್ಲೇ ರೂಮು ಹುಡುಕುತ್ತಾರೆ. ಕಾರಿದ್ದವರಿಗೆ ಅದೊಂದು ತಲೆನೋವು. ಊರ ನಡುವೆ ಜೆಡ್‌ಟಿಎಲ್ ಎಂಬ ನಿರ್ಬಂಧಿತ ವಲಯ. ಪರವಾನಗಿಯಿಲ್ಲದೆ ನುಗ್ಗಿದ ಕಾರಿನ ನಂಬರನ್ನು ಕ್ಯಾಮೆರಾ ಹಿಡಿಯುತ್ತದೆ, ದಂಡದ ಚೀಟಿ ಎಷ್ಟೋ ತಿಂಗಳ ಮೇಲೆ ಮನೆಬಾಗಿಲಿಗೇ ಬರಬಹುದು. ಸಿಯೆನಾದಲ್ಲೂ ಇದೇ ಕತೆ.

ವಾಲ್ ದೋರ್ಚಾ ಕಣಿವೆಯ ಪಿಯೆಂಜಾ ಎಷ್ಟೋ ವಾಸಿ. ಅಲ್ಲಿಂದ ಮೊಂಟೆಪುಲ್ಚಾನೊ ಸುಮಾರು 15 ಕಿ.ಮೀ., ಮೊಂಟಾಲ್ಚಿನೊ 25ರ ಆಸುಪಾಸು. ಪೋಪ್ ಎರಡನೇ ಪಯಸ್ 1459ರಿಂದ ತನ್ನ ಹುಟ್ಟೂರನ್ನು ಹೊಸದಾಗಿ ಕಟ್ಟಿಸಿ, ತನ್ನ ಹೆಸರನ್ನೇ ಅಂಟಿಸಿದ ಊರದು. ಪೆಕೊರಿನೊ ಎಂಬ ಕುರಿಹಾಲಿನ ಚೀಸ್ ಬೇರೆ ಅಲ್ಲಿ ಪ್ರಸಿದ್ಧ!

ಪಿಯೆಂಜಾದಲ್ಲೂ ಊರಗೋಡೆಯೊಳಗಿನ ಹೋಟೆಲಿಗಿಂತ ಹೊರಗಿನ ಆಗ್ರಿತುರಿಸ್ಮೊ, ಅಂದರೆ ರೈತರ ಜಮೀನಿನಲ್ಲಿರುವ ಅತಿಥಿಗೃಹ, ಮೇಲು: ಪಾರ್ಕಿಂಗಿಗೆ ಪರದಾಟವಿಲ್ಲ. ಸಂಜೆ ವೈನ್ ಕುಡಿಯುವವರು ರಾತ್ರಿ ಊಟವೂ ಅಲ್ಲೇ ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಲಿ.