ದಡದ ಮೇಲೆ ಕೂತವರ ಕಣ್ಣೀರು

ಸಿನಿಮಾದಲ್ಲಿ ಮಗುವಿಗೆ ಏಟು ಬಿದ್ದರೆ ಜನ ಅಳುತ್ತಾರೆ. ದೊಡ್ಡವರನ್ನು ಮಚ್ಚಿನಲ್ಲಿ ಕೊಚ್ಚುವಾಗ ಕಡ್ಲೆಕಾಯಿ ಬಿಡಿಸುತ್ತ ಕೂತವರೂ ಮಗುವಿನ ಮೈಮೇಲೆ ಕೈ ಬಿದ್ದ ಕೂಡಲೇ ಮುಖ ತಿರುಗಿಸುತ್ತಾರೆ. 'ಇದನ್ನೆಲ್ಲ ತೋರಿಸಬಾರದಪ್ಪ, ನೋಡಕ್ಕಾಗಲ್ಲ' ಅನ್ನುತ್ತಾರೆ. ಈ 'ನೋಡಕ್ಕಾಗಲ್ಲ' ಅನ್ನುವ ಮಾತಿನ ಬಗ್ಗೆ ನಾವು ಬಹಳ ದಿನದಿಂದ ತಲೆ ಕೆಡಿಸಿಕೊಂಡಿದ್ದೇವೆ. ಇದು ಕರುಳಿನ ಮಾತೋ, ಕರುಳನ್ನು ಬಚ್ಚಿಟ್ಟುಕೊಳ್ಳುವ ಮಾತೋ?

ನಾವು ಅಂದರೆ ಯಾರು ಅಂತ ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೆಬ್ಬೆಟ್ಟು ಒತ್ತುವ ಅಪ್ಪ ಅವ್ವನ ಹೊಟ್ಟೆಯಲ್ಲಿ ಹುಟ್ಟಿ, ಹಾಸ್ಟೆಲಿನ ಅನ್ನ ಉಂಡು, ಡಿಗ್ರಿ ಪಾಸು ಮಾಡಿಕೊಂಡು, ಈಗ ಪದ್ಯ ಗಿದ್ಯ ಬರೆಯುತ್ತ ಕೆಲಸ ಹುಡುಕುತ್ತಿರುವವರು. ನಮ್ಮ ಹಟ್ಟಿಗೆ ಪುಸ್ತಕಕ್ಕಿಂತ ಮುಂಚೆ ಸಿನಿಮಾ ಬಂತು. ಆದ್ದರಿಂದ ಸಿನಿಮಾವನ್ನು ಹಗುರವಾಗಿ ಮಾತಾಡುವ ಪಂಡಿತರ ಜೊತೆ ನಮಗೆ ಜಗಳವಿದೆ. ಇವತ್ತು ಆ ಜಗಳ ಬೇಡ.

'ಚೋಮನ ದುಡಿ'ಯಿಂದ ಶುರು ಮಾಡೋಣ. ಶಿವರಾಮ ಕಾರಂತರು 1933ರಲ್ಲಿ ಬರೆದ ಕಾದಂಬರಿ, ಬಿ.ವಿ. ಕಾರಂತರು 1975ರಲ್ಲಿ ಸಿನಿಮಾ ಮಾಡಿದರು, ಸ್ವರ್ಣಕಮಲ ಬಂತು, ಚೋಮನಾದ ವಾಸುದೇವ ರಾಯರಿಗೂ ರಾಷ್ಟ್ರಪ್ರಶಸ್ತಿ ಬಂತು. ಅದರಲ್ಲಿ ಚೋಮನ ಮಗ ನೀಲ ನೀರಿನಲ್ಲಿ ಮುಳುಗುತ್ತಾನೆ. ದಡದ ಮೇಲೆ ಜನ ಇದ್ದಾರೆ. ಹೊಲೆಯರ ಹುಡುಗ, ಮುಟ್ಟುವ ಹಾಗಿಲ್ಲ. ಮುಳುಗುತ್ತಾನೆ, ಅಷ್ಟೆ.

ಈ ಸಿನಿಮಾವನ್ನು ನಾವು ಪಟ್ಟಣದ ಒಂದು ಸಣ್ಣ ಹಾಲಿನಲ್ಲಿ, ಸಿನಿಮಾ ಬಲ್ಲವರ ನಡುವೆ ಕೂತು ನೋಡಿದೆವು. ನೀಲ ಮುಳುಗುವಾಗ ಪಕ್ಕದಲ್ಲಿದ್ದ ಹಿರಿಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸುಳ್ಳು ಅಳುವಲ್ಲ, ನಿಜವಾದ ಅಳುವೇ. ಆಚೆ ಬಂದು ಟೀ ಕುಡಿಯುವಾಗ ಅವರೇ ನಮ್ಮನ್ನು ಮಾತಾಡಿಸಿದರು. 'ಯಾವೂರಪ್ಪ?' ಹೇಳಿದೆವು. 'ಅಪ್ಪ ಏನ್ ಮಾಡ್ತಾರೆ?' ಕೂಲಿ ಅಂದೆವು. 'ಊರಲ್ಲಿ ಯಾವ ಬೀದಿ?' ಹಟ್ಟಿ ಅಂದಮೇಲೆ ನಾಲ್ಕನೆಯ ಪ್ರಶ್ನೆ ಬರಲಿಲ್ಲ. ಟೀ ಲೋಟದೊಳಗೆ ಏನೋ ಬಿದ್ದವರ ಹಾಗೆ ಅದನ್ನೇ ನೋಡತೊಡಗಿದರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಇದನ್ನು ಬರೆಯುವ ಕಷ್ಟ ನಮಗೆ ಇರುತ್ತಿರಲಿಲ್ಲ.

ಹೊಳೆಯ ದಡದಲ್ಲಿ ನಿಂತವರಿಗೆ ಮುಟ್ಟಬಾರದು ಅನ್ನುವ ಕಟ್ಟಳೆ. ಕುರ್ಚಿಯಲ್ಲಿ ಕೂತವರಿಗೆ ಮುಟ್ಟಲಾಗದು ಅನ್ನುವ ಅನುಕೂಲ, ಪರದೆ ಅಡ್ಡ ಇದೆಯಲ್ಲ! ನೀರಿಗೆ ಹಾರಬೇಕಾದ ಪ್ರಮೇಯವೇ ಇಲ್ಲದ ಕಡೆ ಕಣ್ಣೀರು ಸರಾಗವಾಗಿ ಬರುತ್ತದೆ.

ನಾಗರಾಜ ಮಂಜುಳೆಯವರ ಮರಾಠಿ 'ಸೈರಾಟ್' 2016ರಲ್ಲಿ ಬಂದಾಗ ಪಿಯುಸಿಯಲ್ಲಿದ್ದೆವು. ನಾಲ್ಕು ತಲೆ, ಒಂದು ಮೊಬೈಲು. ಅದರ ಹಾಡಿಗೆ ಥೇಟರುಗಳಲ್ಲಿ ಜನ ಎದ್ದು ಕುಣಿದರು ಅನ್ನುವುದು ಎಲ್ಲರಿಗೂ ಗೊತ್ತು. ನಾವೂ ಮಂಚದ ಮೇಲೆ ಹತ್ತಿ ಕುಣಿದೆವು, ಭಾಷೆ ಅರ್ಥವಾಗದಿದ್ದರೂ. ಕೊನೆಗೆ ಜಾತಿ ಬಿಟ್ಟು ಮದುವೆಯಾದ ಗಂಡ ಹೆಂಡಿರ ಮನೆಗೆ ಹುಡುಗಿಯ ಅಣ್ಣ ಉಡುಗೊರೆ ಹಿಡಿದುಕೊಂಡು ಬರುತ್ತಾನೆ. ಕೊಲೆಯನ್ನು ತೋರಿಸುವುದಿಲ್ಲ. ಪಕ್ಕದ ಮನೆಯವರ ಜೊತೆ ಹೋಗಿದ್ದ ಕೂಸು ವಾಪಸು ಬರುತ್ತದೆ. ಒಳಗೆ ಹೋಗುತ್ತದೆ. ಅಳುತ್ತ ಹೊರಗೆ ಬರುತ್ತದೆ, ಪುಟ್ಟ ಪಾದದ ರಕ್ತದ ಗುರುತು ನೆಲದ ಮೇಲೆ ಸಾಲಾಗಿ ಮೂಡುತ್ತದೆ. ಸದ್ದೇ ಇಲ್ಲ, ಆ ಅಳುವೂ ನಮಗೆ ಕೇಳಿಸುವುದಿಲ್ಲ. ಅಷ್ಟು ಹೊತ್ತು ಕುಣಿಸಿದ ಸಂಗೀತವೂ ಬಾಯಿ ಮುಚ್ಚಿಕೊಂಡಿರುತ್ತದೆ. ಮೊಬೈಲು ಕೆಟ್ಟಿತು ಅಂತ ನಮ್ಮಲ್ಲೊಬ್ಬ ಕುಟ್ಟಿ ನೋಡಿದ. ಆ ರಾತ್ರಿ ಯಾರೂ ಉಣ್ಣಲಿಲ್ಲ.

ಮಗುವಿನ ಮೈ ಮುಟ್ಟದೆ, ಬರೀ ಪಾದವನ್ನು ತೋರಿಸಿ ಇಷ್ಟು ಮಾಡಬಹುದು. ಇದರ ಪಕ್ಕದಲ್ಲಿ 2019ರ ಹಿಂದಿ 'ಆರ್ಟಿಕಲ್ 15' ಇಟ್ಟು ನೋಡಿ. ಅಲ್ಲಿ ನಮ್ಮ ಜನದ ಇಬ್ಬರು ಹುಡುಗಿಯರ ಹೆಣ ಮರದಲ್ಲಿ ತೂಗುತ್ತದೆ. ಯಾಕೆ? ಬ್ರಾಹ್ಮಣ ಪೊಲೀಸ್ ಅಧಿಕಾರಿಗೆ ಜ್ಞಾನೋದಯ ಆಗಬೇಕಲ್ಲ, ಅದಕ್ಕೆ. ಸಿನಿಮಾ ಮುಗಿಯುವ ಹೊತ್ತಿಗೆ ನಮಗೆ ಅವನ ಕಷ್ಟಸುಖ ಪೂರ್ತಿ ಗೊತ್ತು. ಆ ಹುಡುಗಿಯರಿಗೆ ಯಾವ ತಿಂಡಿ ಇಷ್ಟ, ಯಾವ ಹಾಡು ಇಷ್ಟ ಅಂತ ಒಂದೂ ಗೊತ್ತಿಲ್ಲ. ಸದುದ್ದೇಶದ ಸಿನಿಮಾ, ನಿಜ. ಸದುದ್ದೇಶದವರು ನಮ್ಮ ಮಕ್ಕಳ ಹೆಣದ ಮೇಲೆ ಕಾಲಿಟ್ಟು ಎತ್ತರ ಹತ್ತುವುದು ಹೊಸದೇನಲ್ಲ.

ಪಾದದ ಗುರುತು ಅಂದೆವಲ್ಲ. 2021ರ ಸೆಪ್ಟೆಂಬರಿನಲ್ಲಿ ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಮಗುವೊಂದು, ಅದರ ಹುಟ್ಟಿದಹಬ್ಬದ ದಿನ, ಅಪ್ಪ ಹೊರಗೆ ನಿಂತಿರುವಾಗಲೇ ಹನುಮಂತನ ಗುಡಿಯೊಳಕ್ಕೆ ಓಡಿಬಿಟ್ಟಿತು. ಗುಡಿ ಶುದ್ಧಿ ಮಾಡಬೇಕು, 25,000 ರೂಪಾಯಿ ಕಟ್ಟು ಅಂದರು. ಆಮೇಲೆ ಪೊಲೀಸು, ಕೇಸು, ಬಂಧನ ಎಲ್ಲ ಆಯಿತು. ಆ ಸುದ್ದಿ ಬಂದ ಪೇಪರು ಟೀ ಅಂಗಡಿಯಲ್ಲಿ ನಮ್ಮೆದುರೇ ಕೈಯಿಂದ ಕೈಗೆ ಹೋಯಿತು. 'ಅವರಪ್ಪ ಮಗೀನ ಗಟ್ಯಾಗಿ ಹಿಡ್ಕಂಡಿರಬೇಕಿತ್ತು' ಅಂದರು ಒಬ್ಬರು. ಇನ್ನೊಬ್ಬರು ಕ್ರಿಕೆಟ್ಟಿನ ಪುಟ ಕೇಳಿದರು. ಇಲ್ಲಿ ರಕ್ತ ಇಲ್ಲ. ರಕ್ತ ಇಲ್ಲದ ಪಾದಕ್ಕೆ ಅಳುವವರು ಯಾರು? ನೀರು ಹಾಕಿ ತೊಳೆದರೆ ಮುಗಿಯಿತು.

ಸರ್ಕಾರ ಸಿನಿಮಾ ಕಾಯಿದೆಗೆ 2023ರಲ್ಲಿ ತಿದ್ದುಪಡಿ ತಂದು 7, 13, 16 ಅಂತ ವಯಸ್ಸಿನ ಗೆರೆ ಎಳೆದಿದೆ. ಎಷ್ಟು ವಯಸ್ಸಿನ ಮಗು ಎಷ್ಟು ಹಿಂಸೆ ನೋಡಬಹುದು ಅನ್ನುವ ಲೆಕ್ಕ. ಇರಲಿ, ಒಳ್ಳೆಯದೇ. ಅಪ್ಪನನ್ನು ಜಗಲಿಯ ಕೆಳಗೆ ನಿಲ್ಲಿಸಿ ಬೈಯುವುದನ್ನು ನಾವು ನೋಡಿದಾಗ ನಮಗೆ ಐದು ವರ್ಷ.

ಈಗ 'ಫ್ಯಾಂಡ್ರಿ'ಗೆ ಬರುತ್ತೇವೆ. ಮಂಜುಳೆಯವರದೇ, 2013ರದು. ಕೈಕಾಡಿ ಮಾತಿನಲ್ಲಿ ಫ್ಯಾಂಡ್ರಿ ಅಂದರೆ ಹಂದಿ. ನಮ್ಮ ಹಳಗನ್ನಡದ 'ಪಂದಿ'ಯ ನೆಂಟಸ್ತಿಕೆ ಕಿವಿಗೇ ತಿಳಿಯುತ್ತದೆ. ಜಬ್ಯಾ ಅನ್ನುವ ಹುಡುಗನಿಗೆ ಶಾಲೆಯ ಮೇಲ್ಜಾತಿ ಹುಡುಗಿಯ ಮೇಲೆ ಆಸೆ. ಅವಳ ಕಣ್ಣೆದುರೇ, ಇಡೀ ಊರು ನಗುತ್ತಿರುವಾಗ, ಅವನು ಅಪ್ಪನ ಜೊತೆ ಹಂದಿ ಹಿಡಿಯಬೇಕು. ನಡುವೆ ಶಾಲೆಯಿಂದ ರಾಷ್ಟ್ರಗೀತೆ ಕೇಳಿಸುತ್ತದೆ. ಹಂದಿ ಹಿಡಿಯುವವರು ಕಲ್ಲಾಗಿ ನಿಲ್ಲುತ್ತಾರೆ, ಹಂದಿ ನಿಲ್ಲುವುದಿಲ್ಲ. ಕಡೆಗೆ ಹಂದಿಯನ್ನು ಕಟ್ಟಿ ಹೊತ್ತುಕೊಂಡು ಶಾಲೆಯ ಗೋಡೆಯ ಪಕ್ಕ ಹೋಗುತ್ತಾರೆ. ಗೋಡೆಯ ಮೇಲೆ ಫುಲೆ, ಸಾವಿತ್ರಿಬಾಯಿ, ಬಾಬಾಸಾಹೇಬರ ಚಿತ್ರ.

ಇದನ್ನು ಹಬ್ಬಕ್ಕೆ ಊರಿಗೆ ಹೋದಾಗ ಅವ್ವನಿಗೆ ಮೊಬೈಲಿನಲ್ಲಿ ತೋರಿಸಿದೆವು, ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತ. ಅಪ್ಪ ಮಗನಿಗೆ ಹೊಡೆಯುವ ಕಡೆ ಅವ್ವ ಅಳಲಿಲ್ಲ. ಅವರೆಕಾಯಿ ಸುಲಿಯುತ್ತಲೇ ಇದ್ದಳು. ಊರವರು ನಗುವ ಕಡೆ ಕೈ ನಿಂತಿತು. ಸೆರಗು ಬಾಯಿಗೆ ಹೋಯಿತು. 'ಹೊಡ್ಯದ ಬುಡ್ಲಾ, ಬಾಸುಂಡೆ ಬತ್ತದೆ, ವಾಸಿ ಆಯ್ತದೆ. ಆ ಐಕ್ಳು ನಗ್ತವಲ್ಲಾ...' ಅಂದಳು. ಮಾತು ಮುಂದುವರಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, 'ನಾಳೀಕೆ ಆ ಹೈದ ಇಸ್ಕೂಲ್ಗೋಯ್ತನಾ?' ಅಂತ ಕೇಳಿದಳು. ಸಿನಿಮಾ ಅದನ್ನು ಹೇಳುವುದಿಲ್ಲ.

ಹಿಂಸೆ ಅಂದರೆ ಏಟು, ರಕ್ತ ಅಂತ ತಿಳಿದವರು ನಗುವಿನ ದೃಶ್ಯದಲ್ಲಿ ಸುಮ್ಮನೆ ಕೂತಿರುತ್ತಾರೆ. ಕೆಲವರು ತೆರೆಯ ಮೇಲಿನವರ ಜೊತೆ ತಾವೂ ನಗುತ್ತಾರೆ, ಹಂದಿ ತಪ್ಪಿಸಿಕೊಂಡು ಓಡುವುದು ತಮಾಷೆಯಾಗಿಯೇ ಇದೆಯಲ್ಲ. ಆ ನಗುವನ್ನೂ ನಾವು ಪಟ್ಟಣದ ಹಾಲಿನಲ್ಲಿ ಕೇಳಿದ್ದೇವೆ.

ಕೊನೆಗೆ ಜಬ್ಯಾ ಕಲ್ಲು ಎತ್ತಿಕೊಳ್ಳುತ್ತಾನೆ. ಎಸೆಯುತ್ತಾನೆ. ಅಣಕಿಸಿದವನ ಕಡೆಗೆ ಎಸೆದ ಕಲ್ಲು ನೇರ ನಮ್ಮ ಹಣೆಯ ಕಡೆಗೇ ಬರುತ್ತದೆ, ತೆರೆ ಕಪ್ಪಾಗುತ್ತದೆ. ಹಾಸ್ಟೆಲಿನಲ್ಲಿ ಹಾಕಿದಾಗ ಹುಡುಗರು ಬೆಂಚು ಬಡಿದು ಸಿಳ್ಳೆ ಹಾಕಿದರು, ವಾರ್ಡನ್ ಎದ್ದು ಬರುವ ತನಕ. ಪಟ್ಟಣದ ಹಾಲಿನಲ್ಲಿ ಸಿಳ್ಳೆ ಬರಲಿಲ್ಲ. ಚರ್ಚೆ ಬಂತು. ಸಿನಿಮಾ ಉದ್ದಕ್ಕೂ ಮೂಗು ಒರೆಸಿಕೊಂಡಿದ್ದ ಒಬ್ಬರು ಎದ್ದು, 'ಎಲ್ಲಾ ಬಹಳ ಮನಕಲಕುವ ಹಾಗಿತ್ತು, ಆದರೆ ಕೊನೆಗೆ ಕಲ್ಲು ಹೊಡೆದದ್ದು ಮಾತ್ರ ಸ್ವಲ್ಪ ಜಾಸ್ತಿ ಆಯ್ತು, ಮಗುವಿನ ಮುಗ್ಧತೆ ಹೋಯ್ತು' ಅಂದರು. ಹಲವರು ತಲೆದೂಗಿದರು.

ನೋಡಿ, ಏಟು ತಿನ್ನುವ ತನಕ ಅವನು ಮಗು. ಕಲ್ಲು ಎತ್ತಿದ ಕ್ಷಣ ದೊಡ್ಡವನಾಗಿಬಿಟ್ಟ, ಅಪರಾಧಿಯಾಗಿಬಿಟ್ಟ. ಇವರ ಕಣ್ಣೀರಿಗೆ ಒಂದು ಕರಾರು ಇದೆ, ಮಗು ತಿರುಗಿ ನೋಡಬಾರದು. ನೀಲ ಮುಳುಗುತ್ತಲೇ ಇರಬೇಕು, ದಡದವರ ಹೆಸರು ಹಿಡಿದು ಕೂಗಬಾರದು. ನಮ್ಮ ಪದ್ಯಗಳಿಗೂ ಇದೇ ಗತಿ. ಹಸಿವಿನ ಬಗ್ಗೆ ಬರೆದದ್ದನ್ನು ಓದಿಸಿ ಶಾಲು ಹೊದಿಸಿದವರೇ ಹೊಲದ ಪಾಲಿನ ಬಗ್ಗೆ ಬರೆದದ್ದನ್ನು 'ಇದರಲ್ಲಿ ಕಾವ್ಯ ಕಡಿಮೆ' ಅಂತ ವಾಪಸು ಕಳಿಸಿದರು.

ಜಬ್ಯಾನ ಪಾತ್ರ ಮಾಡಿದ ಸೋಮನಾಥ ಅವಘಡೆ ಹಳ್ಳಿಯಲ್ಲಿ ಹಲಗೆ ಬಡಿಯುತ್ತಿದ್ದ ಹುಡುಗ. ಆ ಪಾತ್ರಕ್ಕೆ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಅವ್ವನಿಗೆ ಇದನ್ನು ಹೇಳಿದೆವು. 'ತಮಟೆ ಹೊಡಿಯನಾ? ಹಂಗಾರೆ ನಮ್ಮೋನೆ ಬುಡು' ಅಂದಳು. ಆಮೇಲೆ, 'ಆ ಹಂದಿ ಹೊರಸ್ದಾಗ ಅವನ್ಗೆ ಹೊಟ್ಟೆಗೇನಾರ ಕೊಟ್ಟಿದ್ರಾ?' ಅಂದಳು. ಇಷ್ಟು ದಿನದಲ್ಲಿ ಪಟ್ಟಣದ ಯಾವ ಚರ್ಚೆಯಲ್ಲೂ ಈ ಪ್ರಶ್ನೆಯನ್ನು ನಾವು ಕೇಳಿರಲಿಲ್ಲ.

ಬರುವ ತಿಂಗಳು ಹಟ್ಟಿಯ ಸಮುದಾಯ ಭವನದ ಗೋಡೆಗೆ ಬಿಳೀ ಪಂಚೆ ಕಟ್ಟಿ 'ಚೋಮನ ದುಡಿ' ಹಾಕುತ್ತಿದ್ದೇವೆ. ಊರೊಳಗಿನವರನ್ನೂ ಕರೆದಿದ್ದೇವೆ. ಬರುತ್ತೇವೆ ಅಂದಿದ್ದಾರೆ ಒಬ್ಬಿಬ್ಬರು. ಎಲ್ಲಿ ಕೂರುತ್ತಾರೆ ನೋಡಬೇಕು. ಅವ್ವ ಮಾತ್ರ, ಕಬ್ಬು ಕಡಿಯೋಕೆ ಕರೆದರೆ ಬರಲ್ಲ ಅಂದಿದ್ದಾಳೆ.